‘1936ರ ಜುಲೈ’ ಲೇಖನ ಕಳಿಸಿದವರಿಗೆ

ನಮಸ್ಕಾರ.

‘1936ರ ಜುಲೈ: ಜಗತ್ತಿನ ಒಂದು ಬೇಸಿಗೆ ತಿಂಗಳು’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ತಿದ್ದಿ ಬರೆದರೆ ಒಳ್ಳೆಯ ಲೇಖನವಾಗುತ್ತದೆ ಎಂಬ ನಂಬಿಕೆ ಇದೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ಒಂದನೇ ತಾರೀಕಿನಿಂದ ಮೂವತ್ತೊಂದರವರೆಗೆ ದಿನಕ್ಕೊಂದು ಉಪಶೀರ್ಷಿಕೆ ಕೊಟ್ಟು, ಪ್ರತಿಯೊಂದರ ಕೆಳಗೆ ಮೂರು ನಾಲ್ಕು ಸಾಲು ಬರೆದಿದ್ದೀರಿ. ಕ್ಯಾಲೆಂಡರಿನಲ್ಲಿ ಎಲ್ಲ ದಿನಗಳಿಗೂ ಒಂದೇ ಅಳತೆಯ ಚೌಕ. ಅದನ್ನೇ ಲೇಖನಕ್ಕೂ ತಂದದ್ದರಿಂದ ತೂಕ ತಪ್ಪಿದೆ. ಜುಲೈ 16ರಂದು ಲಂಡನ್ನಿನಲ್ಲಿ ಬ್ರಿಟನ್ನಿನ ದೊರೆ ಎಂಟನೇ ಎಡ್ವರ್ಡ್ ಎದುರು ಒಬ್ಬ ರಿವಾಲ್ವರ್ ಹಿಡಿದ ಪ್ರಸಂಗಕ್ಕೆ ಆರು ಸಾಲು ಸಿಕ್ಕಿದೆ. ಹಿಂದಿನ ದಿನ ಇಟಲಿಯ ಮೇಲಿನ ಆರ್ಥಿಕ ದಿಗ್ಬಂಧನ ಕೊನೆಗೊಂಡಿತಲ್ಲ, ಅದಕ್ಕೆ ಎರಡೇ ಸಾಲು. ಇಡೀ ತಿಂಗಳ ಕೀಲಿ ಇರುವುದು ಆ ಎರಡು ಸಾಲಿನಲ್ಲಿ.

ಎಳೆ ಹಿಡಿಯಬೇಕಾದದ್ದು ಅಲ್ಲಿಂದಲೇ. 1934ರ ಜುಲೈ 25ರಂದು ಆಸ್ಟ್ರಿಯಾದ ಚಾನ್ಸಲರ್ ಡೋಲ್‌ಫುಸ್‌ರನ್ನು ಅಲ್ಲಿನ ನಾಜಿಗಳು ಕೊಂದಾಗ, ಇಟಲಿ–ಆಸ್ಟ್ರಿಯಾ ಗಡಿಯ ಬ್ರೆನ್ನರ್ ಕಣಿವೆಗೆ ಸೇನೆ ಕಳಿಸಿ ಹಿಟ್ಲರನಿಗೆ ಎಚ್ಚರಿಕೆ ಕೊಟ್ಟವನು ಮುಸೊಲಿನಿ. 1935ರ ಅಕ್ಟೋಬರಿನಲ್ಲಿ ಅದೇ ಮುಸೊಲಿನಿ ಇಥಿಯೋಪಿಯದ ಮೇಲೆ ಬಿದ್ದ. ರಾಷ್ಟ್ರಸಂಘ (ಇಂದಿನ ವಿಶ್ವಸಂಸ್ಥೆಗಿಂತ ಮುಂಚೆ ಇದ್ದ ‘ಲೀಗ್ ಆಫ್ ನೇಷನ್ಸ್’) ದಿಗ್ಬಂಧನ ಹೇರಿತು, ಆದರೆ ತೈಲವನ್ನು ಸೇರಿಸಲಿಲ್ಲ, ಸುಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. 1936ರ ಮೇ 5ಕ್ಕೆ ಇಥಿಯೋಪಿಯದ ರಾಜಧಾನಿ ಅಡಿಸ್ ಅಬಾಬಾ ಬಿತ್ತು. ಜೂನ್ 30ರಂದು ಅಲ್ಲಿನ ಚಕ್ರವರ್ತಿ ಹೈಲೆ ಸೆಲಾಸಿ ಜಿನೀವಾದಲ್ಲಿ ರಾಷ್ಟ್ರಸಂಘದ ಸಭೆಯ ಮುಂದೆ ನಿಂತು ಅಮ್ಹಾರಿಕ್ ಭಾಷೆಯಲ್ಲಿ ಅಹವಾಲು ಹೇಳಿಕೊಂಡರೆ, ಇಟಲಿಯ ಪತ್ರಕರ್ತರು ಸೀಟಿ ಹೊಡೆದರು. ಜುಲೈ 4ರಂದು ಸಭೆ ದಿಗ್ಬಂಧನ ಬೇಡವೆಂದು ಮತ ಹಾಕಿತು. ಅದರ ಹಿಂದಿನ ದಿನ ಅದೇ ಸಭಾಂಗಣದಲ್ಲಿ ಸ್ಟೆಫಾನ್ ಲಕ್ಸ್ ಎಂಬ ಯಹೂದಿ ಪತ್ರಕರ್ತ, ಜರ್ಮನಿಯಲ್ಲಿ ತನ್ನ ಜನರಿಗೆ ಆಗುತ್ತಿರುವುದನ್ನು ಜಗತ್ತು ನೋಡಲಿ ಎಂದು ಗುಂಡು ಹಾರಿಸಿಕೊಂಡಿದ್ದ. ನಿಮ್ಮ ಬರಹದಲ್ಲಿ ಲಕ್ಸ್ ಇಲ್ಲವೇ ಇಲ್ಲ. ದಯವಿಟ್ಟು ತನ್ನಿ.

ಹೀಗೆ ಓದಿಕೊಂಡು ಬಂದವರಿಗೆ ಜುಲೈ 11ರ ಆಸ್ಟ್ರಿಯಾ–ಜರ್ಮನಿ ಒಪ್ಪಂದ ತಾನಾಗಿಯೇ ಅರ್ಥವಾಗುತ್ತದೆ. ಆಸ್ಟ್ರಿಯಾದ ಸಾರ್ವಭೌಮತ್ವವನ್ನು ಗೌರವಿಸುತ್ತೇವೆಂದು ಜರ್ಮನಿ ಬರೆದುಕೊಟ್ಟಿತು. ತಾನು ‘ಜರ್ಮನ್ ರಾಜ್ಯ’ವೆಂದು ಆಸ್ಟ್ರಿಯಾ ಒಪ್ಪಿ, ಜೈಲಿನಲ್ಲಿದ್ದ ನಾಜಿಗಳಿಗೆ ಕ್ಷಮೆ ಕೊಟ್ಟಿತು. ಬ್ರೆನ್ನರ್‌ನಲ್ಲಿ ಕಾವಲು ನಿಂತ ಮುಸೊಲಿನಿ ಈಗ ಆ ಜಾಗದಲ್ಲಿರಲಿಲ್ಲ. ನೀವು ಬಿಟ್ಟ ಇನ್ನೊಂದು ಕೊಂಡಿ ಇದೆ: 1936ರ ಜುಲೈ 25ರ ರಾತ್ರಿ, ಸ್ಪೇನಿನ ಗಣರಾಜ್ಯ ಸರ್ಕಾರದ ವಿರುದ್ಧ ದಂಗೆ ಎದ್ದ ಜನರಲ್ ಫ್ರಾಂಕೋ ಸಹಾಯ ಕೇಳಿ ಬರೆದ ಪತ್ರ ಹಿಟ್ಲರನ ಕೈಸೇರಿದ್ದು ಜರ್ಮನಿಯ ಬೈರಾಯ್ಟ್‌ನ ಸಂಗೀತೋತ್ಸವದಲ್ಲಿ. ಎರಡು ವರ್ಷದ ಹಿಂದೆ ಅದೇ ತಾರೀಕು ಡೋಲ್‌ಫುಸ್ ಸುದ್ದಿ ಬಂದಾಗಲೂ ಅವನು ಅದೇ ಊರಿನಲ್ಲಿದ್ದ. ಬರ್ಲಿನ್ನಿನ ವಿದೇಶಾಂಗ ಕಚೇರಿ ಈ ತಂಟೆ ಬೇಡವೆಂದಿದ್ದರೂ ಸಹಾಯದ ತೀರ್ಮಾನ ಆ ರಾತ್ರಿಯೇ ಆಯಿತು.

ಇನ್ನು ಸ್ಪೇನಿನ ಭಾಗ. ಲೇಖನದ ಅರ್ಧ ಅದೇ ಇದೆ, ಇರಬೇಕಾದದ್ದೂ ಹಾಗೆಯೇ. ಆದರೆ ದೊಡ್ಡ ತಪ್ಪುಗಳೂ ಇಲ್ಲೇ ಇವೆ.

‘ಕಾಲ್ವೊ ಸೊತೆಲೊ ಕೊಲೆಯಿಂದ ಸಿಟ್ಟಿಗೆದ್ದ ಸೇನೆ ದಂಗೆ ಎದ್ದಿತು’ ಎಂದು ಬರೆದಿದ್ದೀರಿ. ಎಡಪಂಥೀಯ ಪೊಲೀಸ್ ಅಧಿಕಾರಿ ಲೆಫ್ಟಿನೆಂಟ್ ಕಾಸ್ತಿಯೊ ಕೊಲೆಯಾದದ್ದು 12ರ ರಾತ್ರಿ. ಅದರ ಸೇಡಿಗೆ ಬಲಪಂಥೀಯ ವಿರೋಧ ಪಕ್ಷದ ನಾಯಕ ಸೊತೆಲೊ ಹತ್ಯೆಯಾದದ್ದು 13ರ ನಸುಕಿನಲ್ಲಿ. ಫ್ರಾಂಕೋನನ್ನು ಕ್ಯಾನರಿ ದ್ವೀಪಗಳಿಂದ ಮೊರೊಕ್ಕೊಗೆ ಒಯ್ಯಲು ಬಾಡಿಗೆಗೆ ಹಿಡಿದ ಡ್ರ್ಯಾಗನ್ ರಪೀಡ್ ವಿಮಾನ ಲಂಡನ್ ಹತ್ತಿರದ ಕ್ರಾಯ್ಡನ್ ಬಿಟ್ಟದ್ದು 11ಕ್ಕೆ. ಕೊಲೆಗಿಂತ ಮೊದಲೇ ವಿಮಾನ ಹೊರಟಿದೆ. ಕೊಲೆ ಹಿಂಜರಿಯುತ್ತಿದ್ದವರನ್ನು ಒಂದುಗೂಡಿಸಿತು ಎನ್ನಿ, ಸರಿ. ಕಾರಣ ಎನ್ನಬೇಡಿ. ಯಾವ ಘಟನೆಗೆ ಯಾವುದು ಕಾರಣ ಎಂದು ಬರೆಯುವ ಮುಂಚೆ ಎರಡರ ತಾರೀಕನ್ನೂ ಪಕ್ಕಪಕ್ಕ ಇಟ್ಟು ನೋಡುವ ರೂಢಿ ಮಾಡಿಕೊಳ್ಳಿ. ಆಸ್ಟ್ರಿಯಾ–ಜರ್ಮನಿ ಒಪ್ಪಂದ, ಕ್ರಾಯ್ಡನ್ನಿನ ವಿಮಾನ ಎರಡೂ ಒಂದೇ ದಿನದವು ಎಂಬುದನ್ನು ಗಮನಿಸಿದ್ದೀರಾ? ಲೇಖನ ಆ ಶನಿವಾರದಿಂದ ಶುರುವಾಗಬಹುದು.

ಮೊದಲ ದಿನದಿಂದಲೇ ಫ್ರಾಂಕೋನನ್ನು ನಾಯಕನನ್ನಾಗಿ ಮಾಡಿದ್ದೀರಿ. ಸಂಚಿನ ಸೂತ್ರಧಾರ ಜನರಲ್ ಮೋಲಾ. ಮುಖ್ಯಸ್ಥನಾಗಬೇಕಿದ್ದವನು ಪೋರ್ಚುಗಲ್‌ನಲ್ಲಿದ್ದ ಜನರಲ್ ಸಾನ್‌ಹುರ್ಹೊ. 20ರಂದು ಅವನ ಪುಟ್ಟ ವಿಮಾನ ಏರುವಾಗಲೇ ಬಿದ್ದು ಸತ್ತ. ಇದನ್ನು ಬಿಟ್ಟರೆ ಫ್ರಾಂಕೋ ಮೇಲೆ ಬಂದದ್ದು ವಿಧಿಲಿಖಿತವೆಂಬಂತೆ ಕಾಣುತ್ತದೆ. ‘ಸ್ಪೇನಿನ ಆಕಾಶವೆಲ್ಲ ನಿರ್ಮಲ’ ಎಂಬ ಮಾತೇ ದಂಗೆ ಶುರುಮಾಡುವ ರೇಡಿಯೋ ಸಂಕೇತವಾಗಿತ್ತೆಂಬ ಕಥೆಯನ್ನೂ ತೆಗೆಯಿರಿ. ಅದು ಆಮೇಲೆ ಹುಟ್ಟಿದ ದಂತಕಥೆ. ಅದರ ಜಾಗಕ್ಕೆ 18ರ ರಾತ್ರಿಯನ್ನು ತನ್ನಿ: ಪ್ರಧಾನಿ ಕಸಾರೆಸ್ ಕಿರೋಗಾ ರಾಜೀನಾಮೆ, ಮಾರ್ತಿನೆಸ್ ಬಾರ್ಯೊನ ಕೆಲವೇ ಗಂಟೆಗಳ ಸರ್ಕಾರ, 19ಕ್ಕೆ ಕಾರ್ಮಿಕರಿಗೆ ಬಂದೂಕು ಹಂಚಲು ಒಪ್ಪಿದ ಹೊಸ ಪ್ರಧಾನಿ ಹೀರಲ್. ಇದಕ್ಕೆ ಒಂದು ಪುಟ ಕೊಟ್ಟರೂ ಹೆಚ್ಚಲ್ಲ.

ವಿಮಾನಗಳ ಲೆಕ್ಕ ಕೊಟ್ಟಿದ್ದೀರಿ, ಏಕೆ ಬೇಕಾದವೆಂದು ಹೇಳಿಲ್ಲ. ನಾವಿಕರು ತಮ್ಮ ಅಧಿಕಾರಿಗಳ ವಿರುದ್ಧವೇ ತಿರುಗಿಬಿದ್ದು ಬಹುಪಾಲು ಹಡಗುಗಳನ್ನು ಗಣರಾಜ್ಯದ ಪರ ಉಳಿಸಿಕೊಂಡರು. ಹಾಗಾಗಿ ಮೊರೊಕ್ಕೊದಲ್ಲಿದ್ದ ಫ್ರಾಂಕೋನ ಸೇನೆಗೆ ಜಿಬ್ರಾಲ್ಟರ್ ಜಲಸಂಧಿ ದಾಟಲು ದಾರಿ ಇರಲಿಲ್ಲ. ಜರ್ಮನಿಯ 20 ಯುಂಕರ್ಸ್ ಸಾಗಣೆ ವಿಮಾನಗಳು ತುಂಬಿದ್ದು ಆ ಕೊರತೆಯನ್ನು. ಇಟಲಿ ಜುಲೈ 30ರಂದು ಸಾರ್ಡಿನಿಯಾದಿಂದ 12 ಬಾಂಬರ್ ಕಳಿಸಿತು, ತಲುಪಿದ್ದು ಒಂಬತ್ತು. ಉಳಿದ ಮೂರರಲ್ಲಿ ಫ್ರೆಂಚರ ನೆಲದಲ್ಲಿ ಬಿದ್ದವುಗಳಿಂದ ಇಟಲಿಯ ಗುಟ್ಟು ರಟ್ಟಾಯಿತು.

ಪದಗಳ ವಿಷಯ. ‘ನಾಗರಿಕ ಯುದ್ಧ’ ಬೇಡ, ‘ಅಂತರ್ಯುದ್ಧ’ ಎಂಬ ಪದ ನಮ್ಮಲ್ಲಿದೆ. ಸೇನೆ ಮಾಡಿದ್ದನ್ನು ‘ಕ್ರಾಂತಿ’ ಎಂದಿದ್ದೀರಿ, ಅದು ದಂಗೆ. ಬಾರ್ಸೆಲೋನಾದಲ್ಲಿ ಕಾರ್ಮಿಕರು ಕಾರ್ಖಾನೆ, ಟ್ರಾಮುಗಳನ್ನು ವಹಿಸಿಕೊಂಡರಲ್ಲ, ‘ಕ್ರಾಂತಿ’ಯನ್ನು ಅದಕ್ಕೆ ಉಳಿಸಿಕೊಳ್ಳಿ. ಫ್ರಾಂಕೋ ಪಕ್ಷವನ್ನು ‘ರಾಷ್ಟ್ರೀಯವಾದಿಗಳು’ ಎಂದರೆ, 1936 ಎಂದ ಕೂಡಲೇ ಸ್ವಾತಂತ್ರ್ಯ ಚಳವಳಿಯನ್ನು ನೆನೆಯುವ ಕನ್ನಡ ಓದುಗರು ದಾರಿ ತಪ್ಪುತ್ತಾರೆ. ‘ದಂಗೆಕೋರರು’ ಅಥವಾ ‘ಫ್ರಾಂಕೋ ಪಡೆ’ ಸಾಕು. ‘ಬೇಸಿಗೆ ತಿಂಗಳು’ ಎಂಬ ಶೀರ್ಷಿಕೆಗೂ ಇದೇ ತೊಡಕು: ನಮಗೆ ಜುಲೈ ಎಂದರೆ ಆಷಾಢದ ಗಾಳಿ, ಮಳೆ. ಅಲ್ಲಿ ಬೇಸಿಗೆ ಎಂಬುದನ್ನು ಮೊದಲ ಪ್ಯಾರಾದಲ್ಲೇ ಕಾಣಿಸಿ. ಬೈರಾಯ್ಟ್ ಉತ್ಸವವಾಗಲಿ, ಒಲಿಂಪಿಕ್ಸ್ ತಯಾರಿಯಾಗಲಿ ಆ ಋತುವಿನ ಫಲವೇ.

ಭಾರತದ ನಂಟು ಹುಡುಕಲು ‘ನಮ್ಮ ದೇಶವೂ ಆತಂಕದಿಂದ ನೋಡುತ್ತಿತ್ತು’ ಎಂಬ ಸಾಲು ಸೇರಿಸಿದ್ದೀರಿ. ಆಧಾರವಿಲ್ಲದ ಮಾತು. ನಿಜವಾದ ನಂಟು ಕೈಗೆಟುಕುವಂತಿದೆ: ಉತ್ತರ ಆಫ್ರಿಕಾದಲ್ಲಿ ಸ್ಪೇನಿನ ವಶದಲ್ಲಿರುವ ಮೆಲೀಯ ಊರಿನಲ್ಲಿ ದಂಗೆ ಎದ್ದ ಜುಲೈ 17ರಂದೇ ಬರ್ಲಿನ್ನಿನಲ್ಲಿ ಧ್ಯಾನ್‌ಚಂದ್ ನಾಯಕತ್ವದ ಹಾಕಿ ತಂಡ ಅಭ್ಯಾಸ ಪಂದ್ಯದಲ್ಲಿ ಜರ್ಮನರಿಗೆ 1–4ರಿಂದ ಸೋತಿತು. ಎರಡು ದಿನ ಕಳೆದು, ಬರ್ಲಿನ್ ಒಲಿಂಪಿಕ್ಸ್‌ಗೆ ಪ್ರತಿಯಾಗಿ ಬಾರ್ಸೆಲೋನಾದಲ್ಲಿ ತೆರೆಯಬೇಕಿದ್ದ ‘ಜನರ ಒಲಿಂಪಿಕ್ಸ್’ ಬೀದಿ ಕಾಳಗದಿಂದ ನಿಂತುಹೋಯಿತು. ಬಂದಿದ್ದ ಆಟಗಾರರಲ್ಲಿ ಕೆಲವರು ಅಲ್ಲೇ ಉಳಿದು ಬಂದೂಕು ಹಿಡಿದರು. ಈ ಎರಡನ್ನು ಒಂದೇ ಪ್ಯಾರಾದಲ್ಲಿ ಇಡಿ.

ಜುಲೈ 20ರ ಮೊಂತ್ರೊ ಒಪ್ಪಂದ ಇರಲಿ, ಮೂರು ವಾಕ್ಯದಲ್ಲಿ: ಟರ್ಕಿಗೆ ಬಾಸ್ಫರಸ್, ಡಾರ್ಡನೆಲ್ಸ್ ಜಲಸಂಧಿಗಳಲ್ಲಿ ಮತ್ತೆ ಕೋಟೆ ಕಟ್ಟುವ ಹಕ್ಕು, ಹೊರಗಿನ ಯುದ್ಧನೌಕೆಗಳು ಕಪ್ಪು ಸಮುದ್ರದಲ್ಲಿ 21 ದಿನಕ್ಕಿಂತ ಹೆಚ್ಚು ನಿಲ್ಲಬಾರದೆಂಬ ಕಟ್ಟು. ಅಮೆರಿಕದ ಬಿಸಿಗಾಳಿ, ನಾರ್ತ್ ಡಕೋಟಾದ 49.4 ಡಿಗ್ರಿ, ತುಂಬ ಚೆನ್ನಾಗಿ ಬರೆದಿದ್ದೀರಿ. ಆದರೂ ಅದನ್ನು ಇಲ್ಲಿಂದ ತೆಗೆದು ಬೇರೆ ಲೇಖನ ಮಾಡಿ. ಅದನ್ನೂ ನಮಗೇ ಕಳಿಸಿ.

ಒಟ್ಟು 1,500 ಪದ ಮೀರದಿರಲಿ. ಪತ್ರಿಕೆಯಿಂದ ತೆಗೆದ ತಾರೀಕುಗಳಲ್ಲಿ ಘಟನೆ ನಡೆದ ದಿನ ಯಾವುದು, ಸುದ್ದಿ ಅಚ್ಚಾದ ದಿನ ಯಾವುದು ಎಂದು ಬೇರೆ ಮಾಡಿ. ನಿಮ್ಮಲ್ಲಿ ಎರಡು ಕಡೆ ಅವು ಬೆರೆತಿವೆ. ಹೆಸರುಗಳ ಉಚ್ಚಾರವನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಜೊತೆಗಿಡಿ. ತಿದ್ದಿದ ಪ್ರತಿ ಬಂದ ವಾರದೊಳಗೆ ಉತ್ತರಿಸುತ್ತೇವೆ.

ವಿಶ್ವಾಸದಿಂದ,
ಸಂಪಾದಕರು