ಪ್ರಾರ್ಥನೆ ನಿಂತುಹೋದ ಭಾನುವಾರ

ಟೆಕ್ಸಾಸ್‌ನ ನಗರವೊಂದರಲ್ಲಿ ಆಧ್ಯಾತ್ಮಿಕ ಸಲಹೆ ಕೇಳಿ ನನ್ನ ಬಳಿಗೆ ಬಂದ ಆಕೆ ಮೆಕ್ಸಿಕನ್ ಮೂಲದ ಕುಟುಂಬದ ಮೂರನೆಯ ತಲೆಮಾರಿನವಳು. ವೃತ್ತಿಯಲ್ಲಿ ಶಿಕ್ಷಕಿ, ಪ್ರಾಟೆಸ್ಟೆಂಟ್ ಕ್ರೈಸ್ತರ ಪಂಗಡವಾದ ಬ್ಯಾಪ್ಟಿಸ್ಟರ ಸಭೆಯೊಂದರಲ್ಲಿ (ಚರ್ಚಿನಲ್ಲಿ) ಹಲವು ವರ್ಷಗಳಿಂದ ಮಕ್ಕಳಿಗೆ ಭಾನುವಾರದ ಪಾಠ ಹೇಳುತ್ತಿದ್ದಳು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. "ನನ್ನಿಂದ ಪ್ರಾರ್ಥನೆ ಮಾಡಲಾಗುತ್ತಿಲ್ಲ" ಎಂಬುದು ಆಕೆಯ ಮೊದಲ ಮಾತು.

2019ರ ಆಗಸ್ಟ್ 3, ಶನಿವಾರ. ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಜನರನ್ನೇ ಕೊಲ್ಲಬೇಕೆಂದು ನೂರಾರು ಮೈಲಿ ಕಾರು ಓಡಿಸಿಕೊಂಡು ಬಂದವನೊಬ್ಬ ಎಲ್ ಪಾಸೊ ನಗರದ ಅಂಗಡಿಯೊಂದರಲ್ಲಿ ಗುಂಡು ಹಾರಿಸಿದ್ದ. ಕೊನೆಗೆ ಸತ್ತವರ ಸಂಖ್ಯೆ 23 ಆಯಿತು. ಮರುದಿನದ ಆರಾಧನೆಯಲ್ಲಿ ನೊಂದ ಕುಟುಂಬಗಳಿಗಾಗಿ ಒಂದು ಸಾಲಿನ ಪ್ರಾರ್ಥನೆಯೇನೋ ಆಯಿತು, ಆದರೆ ಅವರನ್ನು ಏಕೆ ಕೊಲ್ಲಲಾಯಿತು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆಕೆ ಕೇಳಿದಾಗ, ದೇವಾಲಯದೊಳಗೆ ರಾಜಕೀಯ ಬೇಡ ಎಂದು ಸಭಾಪಾಲಕರು ಮೆಲುದನಿಯಲ್ಲಿ ತಿಳಿಹೇಳಿದರು. ಆ ಮೆಲುದನಿಯೇ ಆಕೆಯನ್ನು ಹೆಚ್ಚು ಇರಿದಿತ್ತು. ಮೂರು ತಿಂಗಳಾದರೂ ಕೋಪ ಇಳಿದಿರಲಿಲ್ಲ. ಕ್ಷಮಿಸಲಾಗದ ತಾನು ಕ್ರೈಸ್ತಳೇ ಎಂಬ ಅನುಮಾನ ಅದರ ಜೊತೆಗೆ ಸೇರಿಕೊಂಡಿತ್ತು.

ನಿದ್ರೆ, ಊಟ, ಜೀವದ ಬಗೆಗಿನ ಬೇಸರ ಇವುಗಳನ್ನು ಮೊದಲು ವಿಚಾರಿಸಿದೆ. ತುರ್ತು ಅಪಾಯ ಕಾಣಲಿಲ್ಲ. ಆಕೆಯ ವಿಶ್ವಾಸ ಸತ್ತಿರಲಿಲ್ಲ, ಅದಕ್ಕೆ ಅಳುವ ಭಾಷೆಯನ್ನು ಯಾರೂ ಕಲಿಸಿರಲಿಲ್ಲ ಎಂದು ನನಗೆ ತೋರಿತು. ದೇವರು ತನ್ನನ್ನು ಎಷ್ಟು ಕಾಲ ಮರೆತಿರುವನೆಂದು ಕೇಳುವ, ಬೈಬಲ್ಲಿನ 13ನೆಯ ಕೀರ್ತನೆಯನ್ನೂ, ಯಾವ ಸಮಾಧಾನವನ್ನೂ ಕಾಣದೆ ಕತ್ತಲಲ್ಲೇ ಮುಗಿಯುವ 88ನೆಯ ಕೀರ್ತನೆಯನ್ನೂ ಓದಿಸಿದೆ. ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ಹಾಗರಳ ಕಥೆಯನ್ನೂ ನೆನಪಿಸಿದೆ: ಒಡತಿಯ ಹಿಂಸೆ ತಾಳದೆ ಓಡಿಹೋದ ಆ ಈಜಿಪ್ಟಿನ ದಾಸಿ, ಮರುಭೂಮಿಯಲ್ಲಿ ದೇವರಿಗೆ 'ನನ್ನನ್ನು ನೋಡುವವನು' ಎಂದು ತಾನೇ ಹೆಸರಿಟ್ಟಳು. "ಆದರೆ ಅವಳನ್ನು ಅದೇ ಮನೆಗೆ ಹಿಂದಕ್ಕೆ ಕಳುಹಿಸಲಾಯಿತಲ್ಲ?" ಎಂದು ಆಕೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ. ಆ ಪ್ರಶ್ನೆಯನ್ನು ದೇವರ ಮುಂದೆಯೇ ಇಡುವುದೂ ಪ್ರಾರ್ಥನೆಯೇ ಎಂದು ನಾನು ನಂಬುತ್ತೇನೆ.

ಮಾತು ಆಕೆಯ ಅಜ್ಜಿಯತ್ತ ತಿರುಗಿತು. ದಕ್ಷಿಣ ಟೆಕ್ಸಾಸ್‌ನ ರಿಯೊ ಗ್ರಾಂಡೆ ಕಣಿವೆಯಲ್ಲಿ ಕರಬೂಜ ಕೊಯ್ಯುತ್ತಿದ್ದ ಆ ಕ್ಯಾಥೊಲಿಕ್ ಹೆಂಗಸಿನ ಅಡುಗೆಮನೆಯಲ್ಲಿದ್ದ ಗ್ವಾದಲೂಪೆ ಮಾತೆಯ (ಮೆಕ್ಸಿಕೊದ ಕ್ಯಾಥೊಲಿಕರು ಭಕ್ತಿಯಿಂದ ಕಾಣುವ ಯೇಸುವಿನ ತಾಯಿ ಮರಿಯಳ ರೂಪ) ಪಟವನ್ನು, ಬ್ಯಾಪ್ಟಿಸ್ಟ್ ಆದ ಮೇಲೆ ಮನೆಯವರು ಮೂಢನಂಬಿಕೆಯೆಂದು ತೆಗೆದಿಟ್ಟಿದ್ದರು. 1966ರಲ್ಲಿ ಅದೇ ಕಣಿವೆಯ ಕೂಲಿಕಾರರು ಗಂಟೆಗೆ 1.25 ಡಾಲರ್ ಕೂಲಿ ಕೇಳಿ ರಾಜ್ಯದ ರಾಜಧಾನಿ ಆಸ್ಟಿನ್‌ವರೆಗೆ ನಡೆದಾಗ, ಮುಂದೆ ನಿಂತವರಲ್ಲಿ ಕ್ಯಾಥೊಲಿಕ್ ಪಾದ್ರಿ ಆಂಟೋನಿಯೊ ಗೊನ್ಸಾಲೆಸ್ ಮತ್ತು ಬ್ಯಾಪ್ಟಿಸ್ಟ್ ಬೋಧಕ ಜೇಮ್ಸ್ ನವಾರ್ರೊ ಇಬ್ಬರೂ ಇದ್ದರು. ಇದು ಆಕೆಗೆ ಗೊತ್ತಿರಲಿಲ್ಲ. ನ್ಯಾಯ ಕೇಳುವುದು ಹೊರಗಿನಿಂದ ತಂದ ರಾಜಕೀಯವಲ್ಲ, ಅಜ್ಜಿಯ ಸಭೆಯೂ ತನ್ನ ಸಭೆಯೂ ಒಟ್ಟಿಗೆ ನಡೆದ ದಾರಿ ಎಂದು ತಿಳಿದಾಗ ಆಕೆ ಬಹಳ ಹೊತ್ತು ಅತ್ತಳು.

ನಾನು ಕೊಟ್ಟ ಸಲಹೆ ಹೀಗಿತ್ತು. ರಾತ್ರಿ ದೇವರ ಮುಂದೆ ಗೋಳು ತೋಡಿಕೊಳ್ಳುವ ಒಂದು ಪ್ರಲಾಪದ ಕೀರ್ತನೆಯನ್ನು ಅಜ್ಜಿಯ ಸ್ಪ್ಯಾನಿಷ್‌ನಲ್ಲಿ ಗಟ್ಟಿಯಾಗಿ ಓದಬೇಕು. ಕ್ಷಮೆಯ ಮಾತುಗಳನ್ನು ಬಲವಂತದಿಂದ ಸೇರಿಸಬಾರದು, ಏಕೆಂದರೆ ಬಾಯಿ ಮುಚ್ಚಿಕೊಂಡಿರುವುದೇ ಕ್ಷಮೆಯೆಂದು ಆಕೆಗೆ ಕಲಿಸಲಾಗಿತ್ತು. ಸಭಾಪಾಲಕರನ್ನು ಒಬ್ಬಳೇ ಕಾಣದೆ, ನಂಬಿಕೆಯ ಹಿರಿಯರೊಬ್ಬರ ಜೊತೆ ಹೋಗಿ, ಸತ್ತವರು ಯಾವ ಕಾರಣಕ್ಕೆ ಸತ್ತರೆಂದು ಹೇಳಿ ಪ್ರಾರ್ಥಿಸಬೇಕೆಂಬ ಒಂದೇ ಬೇಡಿಕೆಯನ್ನು ಬರೆದುಕೊಡಬೇಕು. ಇಡೀ ಸಮುದಾಯದ ನೋವನ್ನು ಎಲ್ಲರಿಗೂ ವಿವರಿಸುವ ಹೊರೆಯನ್ನು ಆಕೆ ಹೊರಬೇಕಿಲ್ಲ. ಸಭೆ ಬಿಡುವ ನಿರ್ಧಾರ ಆರು ತಿಂಗಳು ಮುಂದಕ್ಕಿರಲಿ. ಅಷ್ಟರಲ್ಲಿ ಸ್ಪ್ಯಾನಿಷ್ ಮಾತಾಡುವ ಹೆಂಗಸರ ಪ್ರಾರ್ಥನಾ ಕೂಟವೊಂದನ್ನು ಸೇರಲಿ.

ಐದನೆಯ ಭೇಟಿಯ ಹೊತ್ತಿಗೆ ಸಭಾಪಾಲಕರು ಆ ಬೇಡಿಕೆಗೆ ಒಪ್ಪಿದ್ದರು, ಆದರೆ ಸಭೆಯ ಕೆಲವರು ಆಕೆಯೊಂದಿಗೆ ಮಾತು ಬಿಟ್ಟಿದ್ದರು. ಅಜ್ಜಿಯ ಪಟ ಆಕೆಯ ಮೇಜಿನ ಮೇಲೆ ಬಂದಿದೆ. ನಿಲ್ಲಿಸಿದ್ದ ಮಕ್ಕಳ ಪಾಠವನ್ನು ಆಕೆ ಇನ್ನೂ ಮತ್ತೆ ಆರಂಭಿಸಿಲ್ಲ, ನಾನೂ ಅವಸರಪಡಿಸಿಲ್ಲ.