ಪದರ ಸೋರುತ್ತಿರಲಿಲ್ಲ ತಾನೇ?

ಪ್ರಶ್ನೆ: ಮಗಳು ಧಾರವಾಡದಲ್ಲಿ ಎಂ.ಫಾರ್ಮ ಓದುತ್ತಿದ್ದಾಳೆ. ಬೆಳೆಸಿದ ಜೀವಕೋಶಗಳ ಪದರವನ್ನು ತನ್ನ ಔಷಧ ಸಲೀಸಾಗಿ ದಾಟಿತು, ಇನ್ನು ಮಿದುಳಿಗೂ ತಲುಪುತ್ತದೆ ಎಂದು ಪೇಢೆಯ ಡಬ್ಬಿ ಹಿಡಿದು ಬಂದಿದ್ದಾಳೆ. ನಾನು ಕಿರಾಣಿ ಅಂಗಡಿಯವನು. ಅಷ್ಟು ಸುಲಭವೇ?
– ಒಬ್ಬ ತಂದೆ, ಹಳೇ ಹುಬ್ಬಳ್ಳಿ

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಮಗಳನ್ನು ಮೊದಲು ಕೇಳಿ: ಪದರ ಸೋರುತ್ತಿರಲಿಲ್ಲ ತಾನೇ?

ಮಿದುಳಿನ ಲೋಮನಾಳಗಳ ಒಳಗೋಡೆಯ ಕೋಶಗಳು ಹೊಲಿದಂತೆ ಬಿಗಿಯಾಗಿ ಕೂಡಿಕೊಂಡಿರುತ್ತವೆ. ರಕ್ತದಲ್ಲಿರುವುದೆಲ್ಲ ಮಿದುಳಿಗೆ ನುಗ್ಗದಂತೆ ತಡೆಯುವುದು ಈ ಗೋಡೆಯೇ. ಪ್ರಯೋಗಾಲಯದಲ್ಲಿ ಅಂಥ ಕೋಶಗಳನ್ನು ಪುಟ್ಟ ಬಟ್ಟಲಿನ ಜಾಲರಿ ತಳದ ಮೇಲೆ ಬೆಳೆಸುತ್ತಾರೆ. ಜಾಲರಿಯ ರಂಧ್ರ ಹೆಚ್ಚಾಗಿ 0.4 ಮೈಕ್ರಾನ್. ಬಟ್ಟಲೊಳಗಿನದು ರಕ್ತದ ಕಡೆ, ಕೆಳಗಿನದು ಮಿದುಳಿನ ಕಡೆ. ಮೇಲೆ ಔಷಧ ಹಾಕಿ, ಆಗಾಗ ಕೆಳಗಿನ ದ್ರವ ತೆಗೆದು ಅಳೆಯುತ್ತಾರೆ.

ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ನಮ್ಮ ಅವಳಿ ನಗರದಲ್ಲಿ ಸೋರಿಕೆ ನೋಡದೆ ಹೊಸ ತೊಟ್ಟಿಯನ್ನು ಯಾರು ನಂಬುತ್ತಾರೆ? ಇಲ್ಲಿ ಆ ಪರೀಕ್ಷೆಗೆ ಲೂಸಿಫರ್ ಯೆಲ್ಲೋ ಎಂಬ ಹೊಳೆಯುವ ಬಣ್ಣವಿದೆ. ಬಿಗಿಯಾದ ಪದರವನ್ನು ಅದು ದಾಟುವುದು ತೀರಾ ಕಡಿಮೆ. ಪದರದ ವಿದ್ಯುತ್ ರೋಧವನ್ನೂ ಅಳೆಯುತ್ತಾರೆ; ಪದರ ಬಿಗಿಯಾದಷ್ಟೂ ಅದು ಹೆಚ್ಚು. ಜೀವಂತ ಪ್ರಾಣಿಯ ಮಿದುಳಿನ ನಾಳಗಳಲ್ಲಿ ಅದು 1000 ಓಮ್-ಚದರ ಸೆಂಟಿಮೀಟರ್ ಮೀರುತ್ತದೆ. ಎಚ್‌ಸಿಎಂಇಸಿ/ಡಿ3 ಎಂಬ ಜನಪ್ರಿಯ ಮಾನವ ಕೋಶಗಳಲ್ಲಿ ನೂರನ್ನೂ ಮುಟ್ಟದಿರುವುದು ಮಾಮೂಲು. ಅಂಥ ಪದರದ ಸಂದಿಯಲ್ಲಿ ಸಣ್ಣ ಅಣು ನುಸುಳಿಬಿಡಬಹುದು.

ನನಗೆ ಇದಕ್ಕಿಂತಲೂ ಸ್ವಾರಸ್ಯವೆನಿಸುವುದು ಪಂಪಿನ ಕಥೆ. ಭೇದಿಗೆ ನುಂಗುವ ಲೋಪೆರಮೈಡ್ ಮಾತ್ರೆ ಮಾರ್ಫಿನ್ ಬಳಗದ್ದೇ. ಆದರೂ ವೈದ್ಯರು ಹೇಳಿದ ಪ್ರಮಾಣದಲ್ಲಿ ಅಮಲೇರುವುದಿಲ್ಲ. ಗೋಡೆಯ ಕೋಶಕ್ಕೆ ಹೊಕ್ಕಿದ್ದನ್ನು ಪಿ-ಗ್ಲೈಕೊಪ್ರೊಟೀನ್ ಎಂಬ ಪಂಪು ರಕ್ತಕ್ಕೇ ವಾಪಸು ಎಸೆಯುತ್ತದೆ. ಆದ್ದರಿಂದ ಔಷಧವನ್ನು ಕೆಳಗೆ ಹಾಕಿ ಮೇಲಕ್ಕೆ ಎಷ್ಟು ಬೇಗ ಬರುತ್ತದೆಂದೂ ನೋಡಬೇಕು. ಕೆಳಕ್ಕೆ ಇಳಿಯುವ ವೇಗದ ಎರಡು ಪಟ್ಟು ಮೀರಿದರೆ ಪಂಪಿನ ಮೇಲೆ ಗುಮಾನಿ. ಪಂಪನ್ನು ತಡೆಯುವ ಔಷಧ ಬೆರೆಸಿ ಮತ್ತೆ ಅಳೆದಾಗ ಆ ಅಂತರ ಕುಗ್ಗಿತೋ, ಗುಮಾನಿ ನಿಜ.

ಇಷ್ಟಾದರೂ ಬಟ್ಟಲಿನಲ್ಲಿ ರಕ್ತ ಹರಿಯುವುದಿಲ್ಲ, ಔಷಧವನ್ನು ಒಡೆಯುವ ಯಕೃತ್ತೂ ಇಲ್ಲ. ಹತ್ತಾರು ಅಣುಗಳಲ್ಲಿ ಯಾವುದನ್ನು ಪ್ರಾಣಿ ಪರೀಕ್ಷೆಗೆ ಒಯ್ಯಬೇಕೆಂದು ಆರಿಸಲು ಇದು ಒಳ್ಳೆಯ ಜರಡಿ, ಅಷ್ಟೇ.

ಕೋಶಗಳಿಲ್ಲದ ಬರಿಯ ಜಾಲರಿಯಲ್ಲಿ ಔಷಧ ಎಷ್ಟು ಬೇಗ ಇಳಿಯಿತು ಎಂಬ ಅಂಕಿಯನ್ನೂ ಮಗಳಿಂದ ಕೇಳಿಕೊಳ್ಳಿ. ಅದಕ್ಕೂ ಪದರವಿದ್ದಾಗಿನ ಅಂಕಿಗೂ ಹೆಚ್ಚು ಅಂತರವಿಲ್ಲದಿದ್ದರೆ ಪೇಢೆಯ ಡಬ್ಬಿಯನ್ನು ಸದ್ಯಕ್ಕೆ ತೆರೆಯಬೇಡಿ.