ಹತ್ತು ನಿಮಿಷಕ್ಕೊಮ್ಮೆ ಮತ್ತೆ ನೀರು ಎಳೆಯುವ ವಾಷಿಂಗ್ ಮೆಷಿನ್

ಪ್ರಶ್ನೆ: ನಮ್ಮದು ಆರು ವರ್ಷ ಹಳೆಯ ಫ್ರಂಟ್ ಲೋಡ್ ಮೆಷಿನ್. ಮೊದಲು ಸರಿಯಾಗಿಯೇ ನೀರು ತೆಗೆದುಕೊಳ್ಳುತ್ತದೆ. ಹತ್ತು ನಿಮಿಷ ತಿರುಗಿದ ಮೇಲೆ ಮತ್ತೆ ಎಳೆಯುತ್ತದೆ, ಇನ್ನಷ್ಟು ಹೊತ್ತಿಗೆ ಮತ್ತೆ. ನೀರು ಬಾಗಿಲಿನ ಗಾಜಿನ ಅರ್ಧಕ್ಕಿಂತ ಮೇಲೆ ಬರುತ್ತದೆ. ಒಮ್ಮೊಮ್ಮೆ ತಾನಾಗಿಯೇ ಎಲ್ಲವನ್ನೂ ಹೊರಗೆ ಚೆಲ್ಲಿ ಕೂಗಲು ಶುರು ಮಾಡುತ್ತದೆ. ನೋಡಲು ಬಂದವರು, ‘ಬೋರ್ಡ್ ಹೋಗಿದೆ, ಏಳು ಸಾವಿರ ಆಗುತ್ತದೆ’ ಎಂದರು. ಬೋರ್ಡ್ ಹಾಕಿಸಬೇಕೇ, ಹೊಸ ಮೆಷಿನ್ ಕೊಳ್ಳಬೇಕೇ?
(ಓದುಗರೊಬ್ಬರು, ನಿಟುವಳ್ಳಿ, ದಾವಣಗೆರೆ)

ಉತ್ತರ: ಸದ್ಯಕ್ಕೆ ಎರಡೂ ಬೇಡ. ಬಂದವರು ಮೆಷಿನ್ನಿನ ಮೇಲಿನ ಮುಚ್ಚಳವನ್ನಾದರೂ ಬಿಚ್ಚಿ ನೋಡಿದರೇ? ನೀವು ಬರೆದಿಲ್ಲ. ನೋಡಿರಲಿಕ್ಕಿಲ್ಲ ಎಂದು ನನ್ನ ಅನುಮಾನ. ಈ ಊರಿನಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿಕೊಂಡು ಬಂದಿದ್ದೇನೆ. ನೀರಿನ ಮಟ್ಟದ ದೂರು ಹೊತ್ತು ಬರುವ ಮೆಷಿನ್‌ಗಳಲ್ಲಿ ಬೋರ್ಡ್, ಅಂದರೆ ಮೆಷಿನ್ ನಡೆಸುವ ಎಲೆಕ್ಟ್ರಾನಿಕ್ ಫಲಕ, ಕೆಟ್ಟದ್ದು ಅಪರೂಪ. ನೀರಿನ ಮಟ್ಟ ಅಳೆಯುವ ಸೆನ್ಸರ್ ಕೆಟ್ಟದ್ದು ಕೂಡ ಕಡಿಮೆಯೇ. ಕೆಡುವುದು ಸೆನ್ಸರ್‌ಗೆ ಸುದ್ದಿ ಮುಟ್ಟಿಸುವ ಬಡಪಾಯಿ ರಬ್ಬರ್ ನಳಿಕೆ.

ಮೆಷಿನ್ನಿಗೆ ನೀರು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ತಿಳಿಯುವುದು ಗಾಳಿಯ ಒತ್ತಡ ಮಾತ್ರ. ತೊಟ್ಟಿಯ ತಳದಲ್ಲಿ ಚಿಕ್ಕದೊಂದು ಗಾಳಿ ಗೂಡು ಇರುತ್ತದೆ. ಬಕೆಟ್ ನೀರಿಗೆ ಲೋಟವನ್ನು ಬೋರಲು ಒತ್ತಿದರೆ ಒಳಗಿನ ಗಾಳಿ ಹೇಗೆ ಸಿಕ್ಕಿಬೀಳುತ್ತದೆಯೋ, ಇಲ್ಲಿಯೂ ಹಾಗೆಯೇ. ನೀರು ಏರಿದಷ್ಟೂ ಆ ಗಾಳಿ ಬಿಗಿಯಾಗುತ್ತದೆ. ಪೆನ್ಸಿಲ್ ಗಾತ್ರದ ನಳಿಕೆಯೊಂದು ಆ ಬಿಗಿತವನ್ನು ಮೇಲಕ್ಕೆ, ಮುಚ್ಚಳದ ಕೆಳಗಿರುವ ಬಿಲ್ಲೆಯಾಕಾರದ ಸೆನ್ಸರ್‌ಗೆ ಒಯ್ಯುತ್ತದೆ. ಅದರೊಳಗೆ ರಬ್ಬರ್ ಪೊರೆ ಇದೆ. ಹಳೆಯ ಮೆಷಿನ್‌ಗಳಲ್ಲಿ ಈ ಪೊರೆ ಉಬ್ಬಿ ಒಂದು ಸ್ವಿಚ್ಚನ್ನು ‘ಟಕ್’ ಎಂದು ಒತ್ತುತ್ತಿತ್ತು. ಈಗಿನ ಬಹಳಷ್ಟು ಮೆಷಿನ್‌ಗಳಲ್ಲಿ ಅದು ತಂತಿಯ ಸುರುಳಿಯೊಳಗೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ತುಂಡೊಂದನ್ನು ಸರಿಸುತ್ತದೆ. ತೊಟ್ಟಿ ಖಾಲಿ ಇದ್ದಾಗ ಹೆಚ್ಚಿನವುಗಳಲ್ಲಿ 26 ಕಿಲೋಹರ್ಟ್ಸ್ (ಸೆಕೆಂಡಿಗೆ 26 ಸಾವಿರ ಬಾರಿ) ಆಸುಪಾಸು ಇರುವ ಆ ಸುರುಳಿಯ ವಿದ್ಯುತ್ ಕಂಪನ ನೀರು ಏರಿದಂತೆ ಇಳಿಯುತ್ತದೆ. ಬೋರ್ಡ್ ಓದುವುದು ಆ ಸಂಖ್ಯೆಯನ್ನು.

ಒಂದು ಗೇಣು ನೀರಿನ ಒತ್ತಡ ಎಂದರೆ ವಾತಾವರಣದ ಒತ್ತಡದ ಐವತ್ತರಲ್ಲಿ ಒಂದು ಪಾಲು, ಅಷ್ಟೇ. ಇಷ್ಟು ಸಣ್ಣ ಒತ್ತಡವನ್ನು ಅಳೆಯುವ ವ್ಯವಸ್ಥೆಯಲ್ಲಿ ಸೂಜಿಮೊನೆಯಷ್ಟು ತೂತಾದರೂ ಲೆಕ್ಕ ತಪ್ಪುತ್ತದೆ. ನಿಮ್ಮ ಮೆಷಿನ್ನಿಗೆ ಆಗಿರುವುದೂ ಅದೇ ಇರಬೇಕು. ನೀರು ತುಂಬುವಾಗ ಒತ್ತಡ ಬೇಗ ಏರುವುದರಿಂದ ಮಟ್ಟ ಸರಿಯಾಗಿ ಓದಿಸುತ್ತದೆ. ಆಮೇಲೆ ನಳಿಕೆಯಿಂದ ಗಾಳಿ ಮೆಲ್ಲಗೆ ಸೋರುತ್ತದೆ. ನೀರು ಕಡಿಮೆಯಾಯಿತು ಎಂದು ಭ್ರಮಿಸಿ ಮೆಷಿನ್ ಮತ್ತೆ ಎಳೆಯುತ್ತದೆ. ಕೊನೆಗೆ ಅತಿಯಾಯಿತೆಂದು ಗೊತ್ತಾದಾಗ ಪಂಪ್ ಓಡಿಸಿ ಚೆಲ್ಲುತ್ತದೆ. ‘ಮೊದಲು ಸರಿಯಾಗಿಯೇ’ ಎಂದು ನೀವು ಬರೆದದ್ದರಿಂದಲೇ ನನಗೆ ಇಷ್ಟು ಧೈರ್ಯ.

ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ನೀರು ಬರುತ್ತಿರುವಾಗಲೇ ಪ್ಲಗ್ ಕಿತ್ತುಬಿಡಿ. ಆಗಲೂ ನೀರು ಬರುತ್ತಲೇ ಇದ್ದರೆ ಕೆಟ್ಟಿರುವುದು ಒಳಹರಿವಿನ ವಾಲ್ವ್. ನಲ್ಲಿ ಮುಚ್ಚಿ, ವಾಲ್ವ್ ಬದಲಾಯಿಸಿ, ಮುಂದಿನದ್ದನ್ನು ಓದಬೇಕಿಲ್ಲ. ಹೊರಹರಿವಿನ ಪೈಪ್ ತೀರಾ ಕೆಳಗಿದ್ದರೂ ಮೆಷಿನ್ ನೀರು ಎಳೆಯುತ್ತಲೇ ಇರುತ್ತದೆ, ಏಕೆಂದರೆ ತುಂಬಿದ್ದು ತುಂಬಿದಂತೆಯೇ ಹರಿದುಹೋಗುತ್ತಿರುತ್ತದೆ. ನಿಮ್ಮಲ್ಲಿ ನೀರು ಗಾಜಿನ ಮಟ್ಟಕ್ಕೆ ನಿಲ್ಲುವುದರಿಂದ ಆ ಸಂಶಯ ಬೇಡ.

ಪ್ಲಗ್ ತೆಗೆದು ಹತ್ತು ನಿಮಿಷ ಬಿಡಿ. ಬೋರ್ಡಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಹಿಂಬದಿಯಲ್ಲಿ ಮೇಲಿನ ಎರಡು ಮೂರು ಸ್ಕ್ರೂ ಬಿಚ್ಚಿ ಮುಚ್ಚಳವನ್ನು ಹಿಂದಕ್ಕೆ ಜಾರಿಸಿದರೆ ಒಂದು ಮೂಲೆಯಲ್ಲಿ ಸೆನ್ಸರ್ ಕಾಣುತ್ತದೆ. ಅದರಿಂದ ನಳಿಕೆಯನ್ನು ಬಿಡಿಸಿ ಅದರ ತುದಿ ನೋಡಿ. ಮೂತಿಗೆ ಕೂರುವ ಜಾಗದಲ್ಲಿ ರಬ್ಬರ್ ಹುರಿಗಡಲೆಯಂತೆ ಗಟ್ಟಿಯಾಗಿ, ಉಗುರಿನಿಂದ ಒತ್ತಿದರೆ ಸಣ್ಣ ಬಿರುಕು ಬಾಯಿಬಿಡುತ್ತದೆಯೇ? ಹಾಗಿದ್ದರೆ ಅರ್ಧ ಅಂಗುಲ ಕತ್ತರಿಸಿ ಇನ್ನೂ ಮೆತ್ತಗಿರುವ ಭಾಗವನ್ನು ಮತ್ತೆ ಸಿಕ್ಕಿಸಿ, ಕ್ಲಿಪ್ ಹಾಕಿ. ಅರ್ಧ ಪಾಲು ಮೆಷಿನ್‌ಗಳು ಇಲ್ಲಿಗೇ ಸರಿಹೋಗುತ್ತವೆ.

ತುದಿ ಚೆನ್ನಾಗಿದ್ದರೆ ಟಾರ್ಚ್ ಹಿಡಿದು ನಳಿಕೆಯನ್ನು ಕೆಳಗಿನವರೆಗೆ ಬೆರಳಿನಿಂದ ತಡವುತ್ತಾ ಹೋಗಿ. ಮೆಷಿನ್ ಕುಲುಕದಿರಲೆಂದು ಒಳಗೆ ಕೂರಿಸಿರುವ ಕಾಂಕ್ರೀಟ್ ತೂಕಕ್ಕೆ ಉಜ್ಜಿ ಸವೆದ ಜಾಗ ನುಣ್ಣಗೆ, ಹೊಳೆಯುವಂತೆ ಇರುತ್ತದೆ. ಇಲಿ ಕಡಿದಿದ್ದರೆ ಎರಡು ಸಣ್ಣ ಹಲ್ಲಿನ ಗುರುತು. ಮಂಡಿಪೇಟೆ, ಚಾಮರಾಜಪೇಟೆ ಕಡೆಯ ದವಸದ ಅಂಗಡಿಗಳ ಮೇಲಿನ ಮನೆಗಳಿಂದ ಬರುವ ಮೆಷಿನ್‌ಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ. ಕಣ್ಣಿಗೆ ಕಾಣದಿದ್ದರೆ ನಳಿಕೆಯನ್ನು ಪೂರ್ತಿ ಬಿಚ್ಚಿ, ಒಂದು ತುದಿಯನ್ನು ಬೆರಳಿನಿಂದ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಇನ್ನೊಂದರಿಂದ ಊದಿ. ಗುಳ್ಳೆ ಎದ್ದಲ್ಲಿ ತೂತು. ತೂತಿಗೆ ಟೇಪ್ ಸುತ್ತಬೇಡಿ, ಫೆವಿಕ್ವಿಕ್ ಹಚ್ಚಬೇಡಿ. ಅದೇ ಒಳವ್ಯಾಸದ ಹೊಸ ನಳಿಕೆ ಹಾಕಿ. ಬಿಡಿಭಾಗದ ಅಂಗಡಿಗೆ ಹಳೆಯ ತುಂಡನ್ನೇ ಒಯ್ದರೆ ಅಳತೆಯ ಗೊಂದಲ ಇರುವುದಿಲ್ಲ. ಮತ್ತೆ ಹಾಕುವಾಗ ನಳಿಕೆ ಎಲ್ಲಿಯೂ ಜೋತು ಬೀಳದಿರಲಿ. ಜೋತ ಜಾಗದಲ್ಲಿ ನಾಲ್ಕು ಹನಿ ನೀರು ನಿಂತರೂ ಸೆನ್ಸರ್‌ಗೆ ತಪ್ಪು ಸುದ್ದಿ ಹೋಗುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಆಗ ಸೆನ್ಸರ್ ಕಡೆ ತಿರುಗಿ. ಸಾಕೆಟ್ಟಿನ ಪಿನ್‌ಗಳಲ್ಲಿ ಹಸಿರು ಕಿಲುಬು ಇದ್ದರೆ ಸ್ವಚ್ಛ ಮಾಡಿ. ಸುರುಳಿ ಇರುವ ಮಾದರಿಗಳಲ್ಲಿ ಸಾಕೆಟ್ ಬಿಡಿಸಿ ಮಲ್ಟಿಮೀಟರ್ ಇಟ್ಟರೆ ಹಲವದರಲ್ಲಿ ಇಪ್ಪತ್ತರ ಆಸುಪಾಸು ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ, ಸೆನ್ಸರನ್ನೇ ಬದಲಾಯಿಸಿ. ಅದರ ಬೆಲೆ ಬೋರ್ಡಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಸೆನ್ಸರ್ ಮೂತಿಗೆ ಮಾತ್ರ ಜೋರಾಗಿ ಊದಬೇಡಿ. ಬಾಯಿಯ ಗಾಳಿಯೂ ಮೇಲೆ ಹೇಳಿದ ಗೇಣು ನೀರಿನ ಒತ್ತಡಕ್ಕಿಂತ ಎಷ್ಟೋ ಹೆಚ್ಚು. ಕಂಪ್ರೆಸರ್ ಹಿಡಿದರಂತೂ ಪೊರೆ ಅಲ್ಲಿಗೇ ಮುಗಿಯಿತು. ಹಾಗೆ ಹರಿದ ಸೆನ್ಸರ್‌ಗಳು ನಮ್ಮ ಅಂಗಡಿಯ ಡಬ್ಬಿಯಲ್ಲಿ ಬೇಕಾದಷ್ಟಿವೆ.

ಪ್ರಶ್ನೆ: ಒಗೆತ ಮುಗಿದು ನೀರೆಲ್ಲ ಹೋಗಿದ್ದರೂ ಬಾಗಿಲು ತೆರೆಯುವುದಿಲ್ಲ. ಹಿಂಡುವ ಕೆಲಸವನ್ನೂ ಮಾಡುವುದಿಲ್ಲ. ಪಂಪ್ ಮಾತ್ರ ಸುಮ್ಮನೆ ಓಡುತ್ತಿರುತ್ತದೆ. ನಾವು ಬೋರ್‌ವೆಲ್ ನೀರು ಬಳಸುತ್ತೇವೆ.
(ಗೃಹಿಣಿ, ಹೊಳಲ್ಕೆರೆ)

ಉತ್ತರ: ಇದು ಮೇಲಿನದರ ತದ್ವಿರುದ್ಧ. ಗಾಳಿ ಸೋರಿಲ್ಲ, ಸಿಕ್ಕಿಬಿದ್ದಿದೆ. ತಳದ ಗಾಳಿ ಗೂಡಿನ ಬಾಯಿಗೆ ಗಸಿ ಕಟ್ಟಿದೆ. ನೀರು ಇಳಿದರೂ ಒತ್ತಡ ಇಳಿಯದ ಕಾರಣ ತೊಟ್ಟಿ ತುಂಬಿದೆ ಎಂದೇ ಮೆಷಿನ್ ನಂಬಿಕೊಂಡಿದೆ. ಮೇಲಿನಿಂದ ನಳಿಕೆ ಬಿಡಿಸಿ, ನಳಿಕೆಯೊಳಗೆ (ಸೆನ್ಸರ್‌ಗೆ ಅಲ್ಲ) ಕೆಳಮುಖವಾಗಿ ಊದಿ. ತೊಟ್ಟಿಯಲ್ಲಿ ಸ್ವಲ್ಪ ನೀರಿದ್ದರೆ ಗುಳುಗುಳು ಸದ್ದು ಕೇಳಬೇಕು. ಗಾಳಿ ಹೋಗದೆ ಕೆನ್ನೆ ಉಬ್ಬಿದರೆ ಗೂಡು ಕಟ್ಟಿದೆ ಎಂದು ಖಚಿತ. ಅದನ್ನು ಬಿಚ್ಚಿ ತೆಗೆಯಲು ಬರುವ ಮಾದರಿಯಾದರೆ ಬಿಚ್ಚಿ ತೊಳೆಯಿರಿ. ಬೂದು ಬಣ್ಣದ, ಬೆಣ್ಣೆಯಷ್ಟು ಮೆತ್ತಗಿನ ಲೋಳೆ ಬೊಗಸೆಗಟ್ಟಲೆ ಬರುತ್ತದೆ, ವಾಸನೆಗೆ ಸಿದ್ಧರಾಗಿರಿ. ಬಿಚ್ಚಲು ಬಾರದಿದ್ದರೆ ನಳಿಕೆಯ ಮೂಲಕ ಬಿಸಿನೀರಿನಲ್ಲಿ ಕರಗಿಸಿದ ಸಿಟ್ರಿಕ್ ಆಸಿಡ್ ಇಳಿಬಿಟ್ಟು ಅರ್ಧ ಗಂಟೆ ಬಿಡಿ, ಆಮೇಲೆ ಬರಿಯ ನೀರು ಹಾಯಿಸಿ. ನಳಿಕೆ ಪೂರ್ತಿ ಒಣಗಿದ ಮೇಲಷ್ಟೇ ಸೆನ್ಸರ್‌ಗೆ ಸಿಕ್ಕಿಸಿ. ಬ್ಲೀಚಿಂಗ್ ದ್ರಾವಣವನ್ನು ಇದರ ಜೊತೆ ಎಂದಿಗೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.

ನಿಮ್ಮ ಕಡೆಯ ಬೋರ್ ನೀರು ಗಡಸು. ನೊರೆ ಬರಲಿಲ್ಲವೆಂದು ಪುಡಿಯನ್ನು ಇನ್ನೊಂದು ಚಮಚ, ಮತ್ತೊಂದು ಚಮಚ ಎಂದು ಸುರಿಯುತ್ತಾ ಹೋದರೆ ಕರಗದೆ ಉಳಿದದ್ದು ಸುಣ್ಣದ ಜೊತೆ ಸೇರಿ ತಳದಲ್ಲಿ ಕೂರುತ್ತದೆ. ತಣ್ಣೀರಿನಲ್ಲೇ ವರ್ಷಪೂರ್ತಿ ಒಗೆಯುವ ಮನೆಗಳಲ್ಲಂತೂ ಇದು ತಪ್ಪಿದ್ದಲ್ಲ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ 60 ಡಿಗ್ರಿಯಲ್ಲಿ ಓಡಿಸಿ.

ಪ್ರಶ್ನೆ: ನಮ್ಮ ಮೆಷಿನ್ ಎರಡನೆಯ ಮಹಡಿಯಲ್ಲಿದೆ, ಟ್ಯಾಂಕ್ ಅದರ ತಾರಸಿಯ ಮೇಲೆ. ನೀರು ಬರುತ್ತಿಲ್ಲ ಎಂದು ದೋಷ ತೋರಿಸಿ ನಿಲ್ಲುತ್ತದೆ. ಸೆನ್ಸರ್ ಬದಲಾಯಿಸಬೇಕೇ?
(ಓದುಗರೊಬ್ಬರು, ಚಿತ್ರದುರ್ಗ)

ಉತ್ತರ: ಬೇಡ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಬಾರ್ ಒತ್ತಡ. ನಿಮ್ಮ ಟ್ಯಾಂಕ್ ನಲ್ಲಿಗಿಂತ ಎರಡು ಮೀಟರ್ ಮೇಲಿದ್ದರೆ ಸಿಗುವುದು 0.2 ಬಾರ್. ಅನೇಕ ಮೆಷಿನ್‌ಗಳು ಕನಿಷ್ಠ 0.3 ಬಾರ್ ಅಥವಾ ಅದಕ್ಕಿಂತ ಹೆಚ್ಚು ಕೇಳುತ್ತವೆ. ಗೊತ್ತಾದ ಅವಧಿಯಲ್ಲಿ ಮಟ್ಟ ಏರದಿದ್ದರೆ ಮೆಷಿನ್ ನಿಲ್ಲುತ್ತದೆ, ಅದು ಸರಿಯಾದ ನಡವಳಿಕೆಯೇ. ದೋಷದ ಅಕ್ಷರಗಳನ್ನು ಗಮನಿಸಿ: ಎಲ್‌ಜಿ ಮೆಷಿನ್‌ಗಳಲ್ಲಿ ‘ಐಇ’ ಎಂದರೆ ನೀರು ಬರುತ್ತಿಲ್ಲ, ‘ಪಿಇ’ ಎಂದರೆ ಒತ್ತಡದ ಸೆನ್ಸರ್. ಇವೆರಡನ್ನು ಗೊಂದಲ ಮಾಡಿಕೊಂಡು ಸೆನ್ಸರ್ ಕೊಂಡವರು ಬೇಕಾದಷ್ಟು ಜನ. ಮೊದಲು ಒಳಹರಿವಿನ ಪೈಪ್ ಬಿಚ್ಚಿ, ವಾಲ್ವ್ ಬಾಯಿಯ ಜಾಲರಿಯನ್ನು ಇಕ್ಕಳದಿಂದ ಎಳೆದು ತೊಳೆಯಿರಿ. ಮಳೆಗಾಲದ ಕೆಂಪು ನೀರು ನೆಲದಡಿಯ ಸಂಪ್‌ಗೆ ಬಿದ್ದ ಮೇಲೆ ಇದು ಮಣ್ಣು ಮೆತ್ತಿಕೊಂಡೇ ಇರುತ್ತದೆ. ಅದಕ್ಕೂ ಜಗ್ಗದಿದ್ದರೆ ಚಿಕ್ಕ ಪ್ರೆಷರ್ ಪಂಪ್ ಹಾಕಿಸಿ.

ಪ್ರಶ್ನೆ: ಸೆನ್ಸರ್ ಸಾಕೆಟ್ ಕಿತ್ತು, ನೀರಿನ ಮಟ್ಟವನ್ನು ನಾವೇ ನೋಡಿಕೊಂಡು ಮೆಷಿನ್ ಓಡಿಸಬಹುದೇ?
(ವಿದ್ಯಾರ್ಥಿ, ಹರಿಹರ)

ಉತ್ತರ: ಈಗಿನ ಮೆಷಿನ್‌ಗಳು ಓಡುವುದೇ ಇಲ್ಲ, ದೋಷ ತೋರಿಸಿ ಕೂರುತ್ತವೆ. ಹೇಗೋ ಏಮಾರಿಸಿ ಓಡಿಸಿದರೆ ನೀರಿಲ್ಲದ ತೊಟ್ಟಿಯಲ್ಲಿ ಹೀಟರ್ ಉರಿಯಬಹುದು. ಬಹುತೇಕ ಫ್ರಂಟ್ ಲೋಡ್‌ಗಳ ಹೊರತೊಟ್ಟಿ ಪ್ಲಾಸ್ಟಿಕ್ಕಿನದು. ಹಾಸ್ಟೆಲ್ಲಿನ ಮೆಷಿನ್ ಆಗಿದ್ದರೆ ವಾರ್ಡನ್ನರಿಗೆ ಹೇಳಿ, ನೀವು ಕೈ ಹಾಕಬೇಡಿ.